ಅತ್ತೆಯ ಬಾಯಲ್ಲಿ ಬಿಳಿ ಮಚ್ಚೆ, ಬೀರುವಿನಲ್ಲಿ ಆಸ್ಪತ್ರೆ ಚೀಟಿ

ಪ್ರಶ್ನೆ: ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನವರು. ನಮ್ಮ ಅತ್ತೆಗೆ 58 ವರ್ಷ. ಮದುವೆಯಾಗಿ ಬಂದಾಗಿನಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ರಾತ್ರಿ ಮಲಗುವಾಗಲೂ ದವಡೆಯಲ್ಲಿ ಇರುತ್ತದೆ. ಮೂರು ತಿಂಗಳ ಹಿಂದೆ ಆಶಾ ಅಕ್ಕ ಮತ್ತು ಉಪಕೇಂದ್ರದ ಸಿಸ್ಟರ್ ಮನೆಗೆ ಬಂದಿದ್ದರು. ಟಾರ್ಚ್ ಬಿಟ್ಟು ನೋಡಿ, ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಕೋಲಾರಕ್ಕೆ ಹೋಗಿ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಅತ್ತೆ ಮಾತ್ರ 'ನೋವಿಲ್ಲ, ಉರಿಯಿಲ್ಲ, ನನಗೇನಾಗಿದೆ? ಮಾವಿನ ಕಾಲ ಮುಗಿಯಲಿ, ನೋಡೋಣ' ಅನ್ನುತ್ತಾರೆ. ಕೊಯ್ದು ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ನಿಜಕ್ಕೂ ಅಷ್ಟು ಅವಸರವೇ? ಕ್ಯಾನ್ಸರ್ ಅಂತಲೇ ಆದರೆ ಮುಂದೇನು? ನಮ್ಮದು ಬಿಪಿಎಲ್ ಕಾರ್ಡು. ನನಗೆ 36 ವರ್ಷ, ಮನೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳೋಳು ನಾನೊಬ್ಬಳೇ.

ಉತ್ತರ: ಅಮ್ಮಾ, ಮಾವಿನ ಕಾಲ ಮುಗಿಯುವವರೆಗೆ ಕಾಯಬೇಡಿ. ಈ ವಾರವೇ ಹೋಗಿ. ನಿಮ್ಮ ಕಡೆ ಮಾವಿನ ಮಂಡಿ ಗಲಾಟೆ ಜುಲೈವರೆಗೂ ಇರುತ್ತದೆ. ಆಮೇಲೆ ರಾಗಿ ಬಿತ್ತನೆ, ಆಮೇಲೆ ಗೌರಿ ಗಣೇಶ, ಆಮೇಲೆ ಪಿತೃಪಕ್ಷ. ಆಸ್ಪತ್ರೆಗೆ ಹೋಗಲು ಬಿಡುವಾದ ಕಾಲ ಅಂತ ಪಂಚಾಂಗದಲ್ಲಿ ಯಾವುದೂ ಬರೆದಿಲ್ಲ.

ಅತ್ತೆಗೆ ಕ್ಯಾನ್ಸರ್ ಇದೆ ಅಂತ ನಾನು ಹೇಳುತ್ತಿಲ್ಲ. ಬಾಯೊಳಗಿನ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಕೆಲವು ಮುಂದೆ ಆಗಬಹುದಾದಂಥವು. ಅಪರೂಪಕ್ಕೆ ಒಂದೊಂದು ಆಗಲೇ ಆಗಿರುತ್ತದೆ. ಯಾವುದು ಯಾವ ಜಾತಿ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲು, ಇಷ್ಟು ವರ್ಷ ಬಾಯಿಗಳನ್ನೇ ನೋಡುತ್ತಾ ಬಂದಿರುವ ನನಗೂ ಆಗುವುದಿಲ್ಲ. ಅದಕ್ಕೇ ಆ ಚೀಟಿ.

'ನೋವಿಲ್ಲ' ಅನ್ನೋ ಮಾತು ಕೇಳಿದರೆ ನನಗೆ ಸಮಾಧಾನಕ್ಕಿಂತ ಚಿಂತೆಯೇ ಜಾಸ್ತಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಹಲ್ಲು ನೋವಾದರೆ ಮನುಷ್ಯ ರಾತ್ರೋರಾತ್ರಿ ಡಾಕ್ಟರ್ ಮನೆ ಬಾಗಿಲು ಬಡಿಯುತ್ತಾನೆ. ಇದು ಹಾಗಲ್ಲ, ಸದ್ದಿಲ್ಲದೆ ಕೂತಿರುತ್ತದೆ. ನೋವು, ಕಿವಿ ಸೆಳೆತ, ಬಾಯಿ ಬಿಡಲು ಆಗದಿರೋದು, ಕತ್ತಲ್ಲಿ ಗಂಟು, ಇವೆಲ್ಲ ಸಾಮಾನ್ಯವಾಗಿ ಆಮೇಲೆ ಬರುವ ನೆಂಟರು.

ಎಲ್ಲ ಕಡೆ ಬಾಯಿ ಕ್ಯಾನ್ಸರ್ ಅಂದರೆ ಗಂಡಸರ ಕಾಯಿಲೆ ಅಂತ ಮಾತು. ನಮ್ಮ ಕೋಲಾರದ ಕಡೆ ಹಳ್ಳಿ ಹೆಂಗಸರೂ ಸಾಕಷ್ಟು ಬರುತ್ತಾರೆ. ಬೀಡಿ ಮುಟ್ಟಿದವರಲ್ಲ, ಗುಟ್ಕಾ ಮುಟ್ಟಿದವರಲ್ಲ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಅಷ್ಟೇ. ಜಗಿದು ಉಗಿಯುವುದಕ್ಕಿಂತ, ಉಂಡೆ ಮಾಡಿ ಕೆಳದವಡೆಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ ಇಟ್ಟುಕೊಂಡು ನಿದ್ದೆ ಹೋಗುವುದು ಹೆಚ್ಚು ಅಪಾಯ. ಆರೇಳು ಗಂಟೆ ಅದೇ ಜಾಗಕ್ಕೆ ರಸ ತಾಗುತ್ತಿರುತ್ತದೆ. ಮಚ್ಚೆ ಯಾವ ಕಡೆ ಅಂತ ನೀವು ಬರೆದಿದ್ದೀರಿ. ಅತ್ತೆ ಯಾವ ಕಡೆ ಇಟ್ಟುಕೊಳ್ಳುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಎಡಗಡೆ ಅಂತಲೇ ಹೇಳುತ್ತಾರೆ ಅನ್ನಿಸುತ್ತದೆ ನನಗೆ.

ಇನ್ನು, ಮನೆಗೆ ಬಂದು ನೋಡಿದ ಆ ಇಬ್ಬರ ಕೆಲಸವನ್ನು ಸಣ್ಣದು ಅಂದುಕೊಳ್ಳಬೇಡಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ದೇಶದ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಮನೆ ಬಾಗಿಲಿಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದು ಕೋಲಾರ ಜಿಲ್ಲೆಯಲ್ಲೇ. ಟಾರ್ಚ್ ಬಿಟ್ಟು ನೋಡುವುದರಿಂದ ಏನಾಗುತ್ತೆ ಅಂತ ನಗುವವರಿದ್ದಾರೆ. ಕೇರಳದ ತಿರುವನಂತಪುರದಲ್ಲಿ 1996ರಿಂದ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಊರುಗಳಲ್ಲಿ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರ ನಡುವೆ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಫಲಿತಾಂಶ ಪ್ರಕಟವಾಗಿದ್ದು 2005ರಲ್ಲಿ. ಅಭ್ಯಾಸವೇ ಇಲ್ಲದವರಿಗೆ ಅಂಥ ಲಾಭ ಕಾಣಲಿಲ್ಲ. ಅಂದರೆ ಈ ತಪಾಸಣೆ ಇರುವುದೇ ನಿಮ್ಮ ಅತ್ತೆಯಂಥವರಿಗೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆ ಇದೆ. ನನ್ನ ಕಣ್ಣು ಯಾವಾಗಲೂ ಅಲ್ಲೇ ನಿಲ್ಲುತ್ತದೆ. ಅನುಮಾನ ಕಂಡು 'ಮುಂದೆ ಹೋಗಿ ತೋರಿಸಿ' ಅಂತ ಹೇಳಿಸಿಕೊಂಡವರಲ್ಲಿ ನಿಜವಾಗಿ ಹೋದವರು ನೂರಕ್ಕೆ 63 ಮಂದಿ. ಓದು ಬರಹ ಗೊತ್ತಿರೋ ಕೇರಳದಲ್ಲೇ ಹೀಗೆ. ಉಳಿದವರ ಚೀಟಿಗಳು ನಿಮ್ಮ ಮನೆಯಲ್ಲಿರುವಂತೆ ಬೀರುವಿನಲ್ಲೋ, ಸೀರೆ ಮಡಿಕೆಯಲ್ಲೋ, ದೇವರ ಪಟದ ಹಿಂದೋ ಉಳಿದವು. ಟಾರ್ಚು ಯಾರನ್ನೂ ಉಳಿಸುವುದಿಲ್ಲ ಅಮ್ಮಾ. ಆಮೇಲೆ ಹತ್ತುವ ಬಸ್ಸು ಉಳಿಸುತ್ತದೆ.

ಹೋಗುವ ಮುಂಚೆ ನೀವೇ ಒಮ್ಮೆ ನೋಡಿ, ಅತ್ತೆಗೂ ತೋರಿಸಿ. ನಾನು ಹೇಳಿದ್ದಕ್ಕಿಂತ ಅವರೇ ಕಂಡಿದ್ದು ಹೆಚ್ಚು ನಾಟುತ್ತದೆ. ಬೆಳಗ್ಗೆ ಕಿಟಕಿ ಎದುರು ಕೂರಿಸಿ. ಬಾಯಿ ಚೆನ್ನಾಗಿ ಮುಕ್ಕಳಿಸಲಿ, ಕಟ್ಟಿಸಿದ ಹಲ್ಲಿದ್ದರೆ ತೆಗೆಯಲಿ. ಮೊಬೈಲ್ ಟಾರ್ಚ್ ಸಾಕು. ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಗೆ ಎಳೆದು ಹಿಡಿಯಿರಿ. ಕೆಳ ಒಸಡಿಗೂ ಕೆನ್ನೆಗೂ ನಡುವಿನ ಸಂದಿ, ಅಂದರೆ ಉಂಡೆ ಕೂರುವ ಗುಂಡಿ, ಅದರ ತಳದವರೆಗೂ ಕಾಣಬೇಕು. ಮೊದಲು ನೋಡುವುದು ಅದನ್ನೇ. ಆಮೇಲೆ ಬಲಗಡೆ, ತುಟಿಯ ಒಳಗೆ, ನಾಲಿಗೆಯ ಎರಡೂ ಅಂಚು, ನಾಲಿಗೆ ಎತ್ತಿಸಿ ಅದರ ಕೆಳಗೆ, ಕೊನೆಗೆ ಬಾಯಿಯ ಮೇಲ್ಭಾಗದ ಅಂಗಳ. ಶುಭ್ರವಾದ ಬಟ್ಟೆಯಿಂದ ಬಿಳಿ ಜಾಗವನ್ನು ಮೆಲ್ಲಗೆ ಒರೆಸಿ. ಒರೆಸಿದರೆ ಹೋಗುವ ಬಿಳಿ ಬೇರೆ, ಅದು ಹೆಚ್ಚಾಗಿ ಫಂಗಸ್. ಹೋಗದೆ ಅಂಟಿಕೊಂಡೇ ಇರುವ ಬಿಳಿಯನ್ನು ನಾವು ಲ್ಯೂಕೋಪ್ಲೇಕಿಯಾ ಅನ್ನುತ್ತೇವೆ. ಬಿಳಿಯ ನಡುವೆ ಕೆಂಪು ಇದೆಯಾ ನೋಡಿ. ಬಿಳಿಗಿಂತ ಕೆಂಪು ಕೆಟ್ಟದ್ದು. ಹೆಬ್ಬೆರಳು ಬಾಯೊಳಗೆ, ತೋರುಬೆರಳು ಹೊರಗಿಟ್ಟು ಕೆನ್ನೆಯನ್ನು ಹಿಸುಕಿ ನೋಡಿ. ಪಕ್ಕದ ಜಾಗದಂತೆ ಮೆತ್ತಗಿದ್ದರೆ ಸರಿ, ಒಳಗೆ ಗಟ್ಟಿಯಾಗಿ ಸಿಕ್ಕರೆ ನಾಳೆ ಬೆಳಗ್ಗಿನ ಮೊದಲ ಬಸ್ಸಿಗೇ ಹೊರಡಿ.

ಇನ್ನೂ ಒಂದಿದೆ. ಅತ್ತೆ ತಮ್ಮದೇ ಮೂರು ಬೆರಳು ಜೋಡಿಸಿ, ನಿಲುವಾಗಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಲಿ. ಮೂರೂ ಹೋಗಬೇಕು. ಎರಡಕ್ಕೇ ನಿಂತರೆ ಕೆನ್ನೆಯ ಒಳಪದರ ಬಿಗಿಯುತ್ತಿದೆ ಅಂತ ಲೆಕ್ಕ. ಇದು ಅಡಿಕೆಯ ಕೆಲಸ. 'ಹೊಗೆಸೊಪ್ಪು ಬಿಟ್ಟಿದ್ದೀನಿ ಸಾರ್, ಬರೀ ಅಡಿಕೆ' ಅಂತ ಹೆಮ್ಮೆಯಿಂದ ಹೇಳುವವರು ದಿನಾ ಸಿಗುತ್ತಾರೆ. ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ತಾಂಬೂಲದ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಈಗ ಕೊಯ್ಯುವ ವಿಷಯ. ಬಯಾಪ್ಸಿ ಅಂದರೆ ಹಲ್ಲು ಕೀಳುವಾಗ ಕೊಡುವಂಥದ್ದೇ ಒಂದು ಇಂಜೆಕ್ಷನ್. ಅದು ಚುರುಕ್ ಅನ್ನುತ್ತದೆ, ಆಮೇಲೆ ಜಾಗ ಮರಗಟ್ಟುತ್ತದೆ. ಮಚ್ಚೆಯಲ್ಲಿ ಹೆಚ್ಚು ಅನುಮಾನ ಬರುವ ಕಡೆಯಿಂದ ಕಡಲೆಬೇಳೆಯಷ್ಟು ಚೂರು ತೆಗೆಯುತ್ತೇವೆ. ಒಂದೆರಡು ಹೊಲಿಗೆ ಹಾಕುತ್ತೇವೆ. ಚೂರು ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಗೆ, ಅತ್ತೆ ಮನೆಗೆ. ಅವತ್ತು ಆರಿದ ಗಂಜಿ, ಮಜ್ಜಿಗೆ ಅನ್ನ. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಚಾಕು ಮುಟ್ಟಿದರೆ ಹರಡುತ್ತೆ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಊರಿನವರು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಾರೆ, ಆದರೆ ನಡುವಿನ ಒಂದು ಪುಟ ಬಿಟ್ಟು. ಯಾರೋ ಬಂದರು, ಚೂರು ತೆಗೆದರು, ಕ್ಯಾನ್ಸರ್ ಅಂತ ಬಂತು. ಮನೆಯವರು ಹೆದರಿ ನಾಟಿ ಔಷಧಿಗೆ ಕರೆದುಕೊಂಡು ಹೋದರು. ಮೂರು ತಿಂಗಳು ಸೊಪ್ಪಿನ ರಸ. ಅಷ್ಟರಲ್ಲಿ ಗಡ್ಡೆ ಕೆನ್ನೆಯಿಂದ ಹೊರಗೇ ಬಂತು. ಊರಿಗೆ ನೆನಪಿರುವುದು ಎರಡೇ: ಕೊಯ್ದರು, ಬೆಳೆಯಿತು. ನಡುವಿನ ಮೂರು ತಿಂಗಳು ಯಾರ ಲೆಕ್ಕಕ್ಕೂ ಇಲ್ಲ. ಅದು ಬೆಳೆದದ್ದು ಚಾಕುವಿನಿಂದಲ್ಲ, ಆ ಮೂರು ತಿಂಗಳಿಂದ. ಬಾಯಿ ಕ್ಯಾನ್ಸರ್‌ಗೆ ಬಯಾಪ್ಸಿ ಇಲ್ಲದೆ ಯಾವ ಡಾಕ್ಟರೂ ಚಿಕಿತ್ಸೆ ಶುರು ಮಾಡುವುದಿಲ್ಲ, ಮಾಡಲೂಬಾರದು.

ಚೂರು ಕೊಟ್ಟು ಬಂದರೆ ಅರ್ಧ ಕೆಲಸ. ವರದಿ ಕೈಗೆ ಬರಬೇಕು. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಹಿರಿಯರೊಬ್ಬರು ಬಂದಿದ್ದರು. ಚೂರು ತೆಗೆದೆ, ಹತ್ತು ದಿನ ಬಿಟ್ಟು ಬನ್ನಿ ಅಂದೆ. ಅವರು ಬರಲಿಲ್ಲ. ವರದಿಯಲ್ಲಿ ಕ್ಯಾನ್ಸರ್ ಅಂತ ಬಂದು ನಮ್ಮ ಕಪಾಟಿನಲ್ಲಿ ಐದು ವಾರ ಕೂತಿತ್ತು. ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಅದು ಮೊಮ್ಮಗನ ಹಳೇ ಸಿಮ್ಮು, ಚಾಲ್ತಿಯಲ್ಲಿಲ್ಲ. ಕೊನೆಗೆ ಅವರ ಊರಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ ಹೇಳಿ ಕಳಿಸಿದೆವು. 'ನೀವೇ ಫೋನ್ ಮಾಡ್ತೀರ ಅಂದುಕೊಂಡಿದ್ದೆ, ಮಾಡಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಅಲ್ವಾ?' ಅಂದರು. ಅವರ ಮಾತಲ್ಲಿ ತಪ್ಪೇನಿತ್ತು? ಅವತ್ತಿನಿಂದ ಎರಡು ನಂಬರ್ ಬರೆಸಿಕೊಳ್ಳದೆ ನಾನು ಸೂಜಿ ಎತ್ತುವುದಿಲ್ಲ. ನೀವೂ ನಿಮ್ಮದು ಮತ್ತು ಆಶಾ ಅಕ್ಕನದು, ಎರಡೂ ಕೊಡಿ. ಯಾವ ದಿನ, ಯಾವ ಕೊಠಡಿ ಅಂತ ಕೇಳಿ ಚೀಟಿಯ ಹಿಂದೆ ಬರೆದುಕೊಳ್ಳಿ. ಫೋನ್ ಬರಲಿಲ್ಲ ಅಂದರೆ ಒಳ್ಳೇ ಸುದ್ದಿ ಅಂದುಕೊಳ್ಳಬೇಡಿ.

ವರದಿ ಮೂರು ತರಹ ಬರಬಹುದು. ಬರೀ ದಪ್ಪಗಾದ ಪದರ ಅಂತ ಬಂದರೆ, ಹೊಗೆಸೊಪ್ಪು ಅಡಿಕೆ ಬಿಟ್ಟು ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು. ಬಿಟ್ಟ ಮೇಲೆ ಕೆಲವರ ಮಚ್ಚೆ ತಾನಾಗಿಯೇ ಕರಗುವುದನ್ನು ಕಂಡಿದ್ದೇನೆ. ಡಿಸ್‌ಪ್ಲೇಸಿಯಾ ಅಂತ ಬಂದರೆ ಜೀವಕೋಶಗಳು ದಾರಿ ತಪ್ಪಲು ಶುರು ಮಾಡಿವೆ ಅಂತ. ಎಷ್ಟು ತಪ್ಪಿವೆ ಅನ್ನುವುದರ ಮೇಲೆ ಮಚ್ಚೆಯನ್ನೇ ತೆಗೆಯುವುದೋ, ಎರಡು ಮೂರು ತಿಂಗಳಿಗೊಮ್ಮೆ ಕಾಯುತ್ತಾ ನೋಡುವುದೋ ಅಂತ ಡಾಕ್ಟರ್ ಹೇಳುತ್ತಾರೆ. ಮೂರನೆಯದು ಕ್ಯಾನ್ಸರ್.

ಆಗಲೂ ಎಲ್ಲ ಮುಗಿಯಿತು ಅಂತ ಅಲ್ಲ. ಗಡ್ಡೆ ಎರಡು ಸೆಂಟಿಮೀಟರ್ ಒಳಗಿದ್ದು, ಅಂದರೆ ಸುಮಾರು ಒಂದು ರೂಪಾಯಿ ನಾಣ್ಯ ಮೀರದೆ, ಆಳ 5 ಮಿಲಿಮೀಟರ್ ದಾಟದೆ, ಕತ್ತಿನ ಗ್ರಂಥಿಗೆ ಹೋಗಿಲ್ಲದಿದ್ದರೆ ಅದು ಮೊದಲ ಹಂತ. ಹೆಚ್ಚಿನವರಿಗೆ ಆಪರೇಷನ್ ಒಂದೇ ಸಾಕಾಗುತ್ತದೆ. ಹೆಚ್ಚಿನವರು ಗುಣವಾಗಿ ಮನೆಗೆ ಹೋಗುತ್ತಾರೆ. ದೊಡ್ಡದಾದ ಮೇಲೆ ಬಂದರೆ ದವಡೆ ಮೂಳೆಯನ್ನೂ ತೆಗೆಯಬೇಕು, ಎದೆಯಿಂದಲೋ ಕಾಲಿಂದಲೋ ಮಾಂಸ ತಂದು ಮುಚ್ಚಬೇಕು, ಆಮೇಲೆ ಆರು ವಾರ ರೇಡಿಯೇಷನ್, ಕೆಲವರಿಗೆ ಕೀಮೋ ಕೂಡ. ಕಾಯಿಲೆ ಅದೇ, ಬಂದ ತಿಂಗಳು ಬೇರೆ.

ಒಂದು ವಿಷಯಕ್ಕೆ ಮನೆಯವರು ನಮ್ಮ ಜೊತೆ ಜಗಳಕ್ಕೇ ನಿಲ್ಲುತ್ತಾರೆ. 'ಗಡ್ಡೆ ಬಾಯಲ್ಲಿ, ಕತ್ತು ಯಾಕೆ ಕೊಯ್ದಿರಿ? ಅಲ್ಲೇನೂ ಗಂಟಿರಲಿಲ್ಲವಲ್ಲ?' ನ್ಯಾಯವಾದ ಪ್ರಶ್ನೆಯೇ. ಕೈಗೆ ಸಿಗದಷ್ಟು ಸಣ್ಣದಾಗಿ ಗ್ರಂಥಿಯಲ್ಲಿ ಅಡಗಿರಬಹುದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನೇ ಪರೀಕ್ಷೆಗೆ ಹಚ್ಚಿದರು. 2015ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಶುರುವಿನ ಹಂತದಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣ ಅಂತ ಕಾದವರಲ್ಲಿ ಸುಮಾರು 67. ಜಗತ್ತಿನ ಬಹಳಷ್ಟು ಕಡೆ ಈಗ ಆ ಲೆಕ್ಕ ಹಿಡಿದೇ ಆಪರೇಷನ್ ಮಾಡುತ್ತಾರೆ.

ದುಡ್ಡಿನ ಚಿಂತೆಗೆ ಬರೋಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಆದರೆ ದಾರಿ ಸರಿಯಾಗಿ ಹಿಡಿಯಬೇಕು. ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ. ಆ ಹಳೇ ಚೀಟಿ, ರೇಷನ್ ಕಾರ್ಡು, ಆಧಾರ್ ಮೂರೂ ಜೊತೆಗಿರಲಿ. ಪರೀಕ್ಷೆ ಅಲ್ಲಿ ಶುರುವಾಗಲಿ. ಬೇರೆ ಕಡೆ ಹೋಗಬೇಕಾದರೆ ರೆಫರಲ್ ಪತ್ರ ಕೇಳಿ ಪಡೆಯಿರಿ. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದಲ್ಲೇ ಇದೆ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ ದಾಖಲಾಗುವ ಮುಂಚೆಯೇ, ಈ ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರ ಅನ್ನುವವರನ್ನು ಹುಡುಕಿ, ನಮ್ಮ ಕಾರ್ಡಿಗೆ ಇಲ್ಲಿ ನಡೆಯುತ್ತದಾ ಅಂತ ಕೇಳಿ. ಮೊದಲು ದುಡ್ಡು ಕಟ್ಟಿ ಆಮೇಲೆ ಕಾರ್ಡು ತೋರಿಸಿದರೆ ಅಲೆದಾಟ ಜಾಸ್ತಿ.

ಚಿಕಿತ್ಸೆ ಆದ ಮೇಲಿನ ಮಾತನ್ನು ನೀವು ಕೇಳಿಲ್ಲ, ಆದರೂ ಸ್ವಲ್ಪ ಹೇಳುತ್ತೇನೆ. ಬೀರುವಿಗೆ ಎರಡನೇ ಸಲ ಚೀಟಿ ಸೇರುವುದು ಇಲ್ಲೇ. ಗಾಯ ಒಣಗಿತು, ಊಟ ಸೇರಿತು, ಇನ್ನೇಕೆ ಬಸ್ ಚಾರ್ಜು ಅಂತ ಬರುವುದನ್ನೇ ಬಿಡುತ್ತಾರೆ. ಬಾಯಿ ಕ್ಯಾನ್ಸರ್ ಮರಳಿ ಬಂದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಅದಕ್ಕೇ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಕರೆಯುತ್ತೇವೆ. ಎರಡನೇ ವರ್ಷ ಸ್ವಲ್ಪ ದೂರ, ಐದು ವರ್ಷದವರೆಗೆ ಇನ್ನೂ ದೂರ, ಆಮೇಲೆ ವರ್ಷಕ್ಕೊಮ್ಮೆ. ನೋಡುವುದು ಕೊಯ್ದ ಜಾಗವೊಂದನ್ನೇ ಅಲ್ಲ. ಮೂವತ್ತು ವರ್ಷ ಆ ರಸ ಕುಡಿದಿರುವ ಬಾಯಿ ಅದು, ಇನ್ನೊಂದು ಮೂಲೆಯಲ್ಲಿ ಹೊಸದು ಹುಟ್ಟಬಹುದು.

ರೇಡಿಯೇಷನ್ ಬೇಕು ಅಂದರೆ ಹಾಳಾದ ಹಲ್ಲುಗಳನ್ನು ಮುಂಚೆಯೇ ಕೀಳಿಸಿ, ಗಾಯ ಮಾಗಲು ಎರಡು ಮೂರು ವಾರ ಬೇಕು. ರೇಡಿಯೇಷನ್ ಆದ ಮೇಲೆ ಯಾವ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಕುರ್ಚಿ ಹತ್ತುವ ಮುಂಚೆ ಈ ವಿಷಯ ಹೇಳಲೇಬೇಕು. ಸುಮ್ನೆ ಕಿತ್ತರೆ ದವಡೆ ಮೂಳೆಯೇ ಕೊಳೆಯುವ ಅಪಾಯ ಇದೆ. ಕತ್ತಿಗೆ ರೇಡಿಯೇಷನ್ ಬಿದ್ದವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ ಬೇಕು. ಬಾಯಿ ಬಿಗಿಯದಂತೆ ದಿನಾ ವ್ಯಾಯಾಮ ಮಾಡಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರ ವಾರ ಒಂದೊಂದು ಕಡ್ಡಿ ಹೆಚ್ಚಿಸುವುದು. ಒಬ್ಬ ಅಜ್ಜಿ ಹದಿನಾಲ್ಕು ಕಡ್ಡಿ ಮುಟ್ಟಿದ ದಿನ ಇಡೀ ವಾರ್ಡಿಗೆ ತೋರಿಸಿಕೊಂಡು ಬಂದರು. ಊಟದ ಚಿಂತೆಯೂ ಬೇಡ. ಡಾಕ್ಟರ್ ಒಪ್ಪಿದ ಮೇಲೆ ಚಪಾತಿಗಿಂತ ಮುದ್ದೆ ಎಷ್ಟೋ ವಾಸಿ, ಅಗಿಯುವ ಕೆಲಸವಿಲ್ಲ, ಸಾರಲ್ಲಿ ಅದ್ದಿ ನುಂಗುವುದಷ್ಟೇ. ಆದರೆ ಖಾರ ಕಡಿಮೆ. ನಮ್ಮ ಕಡೆ ಸಾರಿನ ಖಾರ ಗೊತ್ತಲ್ಲ.

ಅತ್ತೆಯನ್ನು ಹೊರಡಿಸುವುದು ಹೇಗೆ? ಸೊಸೆ ಹೇಳಿದರೆ ಕೆಲವು ಮನೆಗಳಲ್ಲಿ ಅದು ಸೊಸೆ ಮಾತಾಗಿಯೇ ಉಳಿಯುತ್ತದೆ. ಅವರಿಗೆ ತಮ್ಮನಿದ್ದರೆ, ತವರಿನ ಕಡೆ ಯಾರಾದರೂ ಇದ್ದರೆ, ಅವರಿಂದ ಒಂದು ಫೋನ್ ಮಾಡಿಸಿ. ಮಗಳಿಂದ ಹೇಳಿಸಿ. ಕ್ಯಾನ್ಸರ್ ಅನ್ನುವ ಪದ ಎತ್ತಲೇಬೇಕಿಲ್ಲ, 'ಗಾಯ ತೋರಿಸಿ ಬರೋಣ, ಸಂಜೆ ಒಳಗೆ ವಾಪಸ್' ಅಂದರೂ ಸುಳ್ಳೇನಲ್ಲ. ಹೊಗೆಸೊಪ್ಪಿನ ಬಗ್ಗೆ ಬೈಯಬೇಡಿ. ಬೈದು ಬಿಡಿಸಿದವರನ್ನು ನಾನು ಕಂಡಿಲ್ಲ, ಬೈಸಿಕೊಂಡವರು ಹಿತ್ತಲಲ್ಲಿ ಹಾಕುತ್ತಾರೆ ಅಷ್ಟೇ. ಮೊದಲು ರಾತ್ರಿಯದು ನಿಲ್ಲಲಿ. ಬಾಯಿ ತೊಳೆದು ಮಲಗುವ ಅಭ್ಯಾಸವಾಗಲಿ. ಆಮೇಲೆ ಪೂರ್ತಿ ಬಿಡಲು ಒಂದು ದಿನ ಗೊತ್ತು ಮಾಡಿ. ಮೊದಲ ಮೂರು ನಾಲ್ಕು ದಿನ ಸಿಡಿಮಿಡಿ, ತಲೆನೋವು, ನಿದ್ದೆ ಬಾರದಿರೋದು ಇರುತ್ತದೆ, ಅದು ಸಹಜ. 1800-11-2356 ನಂಬರಿಗೆ ಫೋನ್ ಮಾಡಿದರೆ ತಂಬಾಕು ಬಿಡಲು ಸಲಹೆ ಪುಕ್ಕಟೆ ಸಿಗುತ್ತದೆ.

ಕೊನೆಗೆ ನಿಮ್ಮ ವಿಷಯ. 36 ಅಂತ ಬರೆದಿದ್ದೀರಿ. ನಿಮ್ಮ ತಪಾಸಣೆ ಆಗಿದೆಯಾ? ಆಶಾ ಅಕ್ಕ ಬಂದ ದಿನ ನೀವು ಟೀ ಮಾಡಲು ಒಳಗೆ ಹೋಗಿದ್ದಿರಬೇಕು. ಗರ್ಭಕೊರಳಿನ ತಪಾಸಣೆಗೆ ಚಾಕು ಸೂಜಿ ಏನೂ ಇಲ್ಲ. ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ, ಅನುಮಾನದ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಮುಂಬೈನಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನೇ ಮಾಡಿದಾಗ ಆ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ಇಳಿಯಿತು. ಅತ್ತೆಯನ್ನು ಕರೆದುಕೊಂಡು ಹೋದ ದಿನ ಅವರು ಒಳಗಿರುವಾಗ ನೀವು ಬೆಂಚಿನ ಮೇಲೆ ಸುಮ್ನೆ ಕೂರಬೇಡಿ. ಅದೇ ಆಸ್ಪತ್ರೆಯಲ್ಲಿ ಹೆಂಗಸರ ತಪಾಸಣೆ ಎಲ್ಲಿ ಅಂತ ಕೇಳಿ. ಮುಟ್ಟಿನ ದಿನ ಆಗದಂತೆ ನೋಡಿಕೊಂಡು ಹೊರಡಿ. ಹೊರರೋಗಿ ಚೀಟಿ ಮಾಡಿಸುವಾಗ ಎರಡು ಮಾಡಿಸಿ, ಒಂದು ಅತ್ತೆಗೆ, ಒಂದು ನಿಮಗೆ.